ನೀರು ರಾಜ್ಯ ಪಟ್ಟಿಯಲ್ಲಿದ್ದರೂ ಕಾವೇರಿ ಯಾಕೆ ದೆಹಲಿಯಲ್ಲಿ ತೀರ್ಮಾನವಾಗುತ್ತದೆ? – ಏಳನೇ ಅನುಸೂಚಿ ಓದುವ ಬಗೆ

ಅರಳಿಕಟ್ಟೆ:
ಯಾವ ವಿಷಯಕ್ಕೆ ಕೇಂದ್ರ ಕಾನೂನು ಮಾಡಬೇಕು, ಯಾವುದಕ್ಕೆ ರಾಜ್ಯ ಎಂದು ಹಂಚುವ ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯ ಪಟ್ಟಿಯ 17ನೇ ನಮೂದು ‘ನೀರು’. ಹಾಗಿದ್ದ ಮೇಲೆ ಕಾವೇರಿಯಿಂದ ಎಷ್ಟು ಬಿಡಬೇಕು, ಎಷ್ಟು ಇಟ್ಟುಕೊಳ್ಳಬೇಕು ಅನ್ನುವುದನ್ನು ನಮ್ಮ ವಿಧಾನಮಂಡಲವೇ ಕಾನೂನು ಮಾಡಿ ತೀರ್ಮಾನಿಸಬಹುದಲ್ಲವೇ? ಇನ್ನೊಂದು: ಪ್ರಾಣಿಹಿಂಸೆ ತಡೆ ಕಾಯ್ದೆ ಕೇಂದ್ರದ್ದು, ಕಂಬಳಕ್ಕೆ ಮಾತ್ರ ರಾಜ್ಯವೇ ತಿದ್ದುಪಡಿ ಮಾಡಿತು. ಒಂದು ಕಡೆ ಆಗದ್ದು ಇನ್ನೊಂದು ಕಡೆ ಹೇಗಾಯಿತು? ತಿಳಿದವರು ವಿವರವಾಗಿ ಬರೆಯಿರಿ. ಪರೀಕ್ಷೆಗೆ ಓದುವವರಿಗೂ ಉಪಯೋಗವಾಗುತ್ತದೆ.

ಹಳೆಕಡತ:
ಪಟ್ಟಿಯನ್ನು ಬಾಯಿಪಾಠ ಮಾಡಿದರೆ ನಮೂದಿನ ಮೊದಲ ಪದ ನೆನಪಿನಲ್ಲಿ ಉಳಿಯುತ್ತದೆ, ಬಾಲ ಬಿಟ್ಟುಹೋಗುತ್ತದೆ. ಅಧಿಕಾರದ ಗಡಿ ಇರುವುದು ಆ ಬಾಲದಲ್ಲೇ. 17ನೇ ನಮೂದನ್ನು ಪೂರ್ತಿ ಓದಿ: ನೀರು, ಅಂದರೆ ನೀರು ಸರಬರಾಜು, ನೀರಾವರಿ, ಕಾಲುವೆ, ಚರಂಡಿ, ಒಡ್ಡು, ನೀರಿನ ಸಂಗ್ರಹ, ಜಲಶಕ್ತಿ, ಇದೆಲ್ಲ ಒಂದನೇ ಪಟ್ಟಿಯ, ಅಂದರೆ ಕೇಂದ್ರ ಪಟ್ಟಿಯ, 56ನೇ ನಮೂದಿಗೆ ಒಳಪಟ್ಟು. ಈ ‘ಒಳಪಟ್ಟು’ ಕಂಡ ಕೂಡಲೇ ಕೇಂದ್ರ ಪಟ್ಟಿಗೆ ಹೋಗಿ ಆ ನಮೂದನ್ನೂ ಓದಬೇಕು. 56 ಹೇಳುವುದು ಅಂತರರಾಜ್ಯ ನದಿಗಳ ನಿಯಂತ್ರಣ ಮತ್ತು ಅಭಿವೃದ್ಧಿಯ ಬಗ್ಗೆ. ಅದೂ ತಾನಾಗಿಯೇ ಕೇಂದ್ರಕ್ಕೆ ಸೇರುವುದಿಲ್ಲ. ಸಾರ್ವಜನಿಕ ಹಿತಕ್ಕೆ ಕೇಂದ್ರದ ಹತೋಟಿ ಬೇಕು ಎಂದು ಸಂಸತ್ತು ಕಾನೂನಿನ ಮೂಲಕ ಎಷ್ಟರ ಮಟ್ಟಿಗೆ ಘೋಷಿಸುತ್ತದೋ ಅಷ್ಟಕ್ಕೆ ಮಾತ್ರ. 1956ರ ನದಿ ಮಂಡಳಿ ಕಾಯ್ದೆಯಲ್ಲಿ ಆ ಘೋಷಣೆ ಇದೆ. ಆದರೆ ಆ ಕಾಯ್ದೆಯಡಿ ಒಂದು ಮಂಡಳಿಯೂ ರಚನೆಯಾಗಲಿಲ್ಲ.

ಹಾಗಾದರೆ ಕಾವೇರಿ ರಾಜ್ಯದ ಕೈ ತಪ್ಪಿದ್ದು ಎಲ್ಲಿ? ಅನುಸೂಚಿಯ ಹೊರಗೆ, 262ನೇ ವಿಧಿಯಲ್ಲಿ. ಅಂತರರಾಜ್ಯ ನದಿ ನೀರಿನ ವ್ಯಾಜ್ಯ ಹೇಗೆ ತೀರಬೇಕು ಎಂದು ಕಾನೂನು ಮಾಡುವ ಅಧಿಕಾರವನ್ನು ಅದು ಸಂಸತ್ತಿಗೆ ನೇರವಾಗಿ ಕೊಟ್ಟಿದೆ. ಅದರಡಿ ಬಂದದ್ದು 1956ರ ಅಂತರರಾಜ್ಯ ಜಲ ವಿವಾದ ಕಾಯ್ದೆ. ಅದರಡಿ 1990ರ ಜೂನ್ 2ರಂದು ಕಾವೇರಿ ನ್ಯಾಯಮಂಡಳಿ ರಚನೆಯಾಯಿತು.

ನೀವು ಕೇಳಿದ ದಾರಿಯನ್ನು ಕರ್ನಾಟಕ ಒಮ್ಮೆ ಹಿಡಿದು ನೋಡಿದೆ. 1991ರ ಜೂನ್ 25ರಂದು ನ್ಯಾಯಮಂಡಳಿ 205 ಟಿಎಂಸಿ ಬಿಡುವಂತೆ ಮಧ್ಯಂತರ ಆದೇಶ ಕೊಟ್ಟಿತು. ಸರಿಯಾಗಿ ಒಂದು ತಿಂಗಳಿಗೆ, ಜುಲೈ 25ರಂದು, ರಾಜ್ಯ ಸರ್ಕಾರ ಕಾವೇರಿ ಕೊಳ್ಳದ ನೀರಾವರಿ ರಕ್ಷಣೆಗೆಂದು ಸುಗ್ರೀವಾಜ್ಞೆ ಹೊರಡಿಸಿತು. ರಾಷ್ಟ್ರಪತಿಗಳು 143ನೇ ವಿಧಿಯಡಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್ 22ರಂದು ಬಂದ ಅಭಿಪ್ರಾಯ ಸ್ಪಷ್ಟವಾಗಿತ್ತು: ಸುಗ್ರೀವಾಜ್ಞೆ ರಾಜ್ಯದ ಶಾಸನಾಧಿಕಾರದ ಆಚೆಗಿನದು. ಮುಖ್ಯವಾಗಿ ಎರಡು ಕಾರಣ. ಒಂದು, 245ನೇ ವಿಧಿಯ ಪ್ರಕಾರ ರಾಜ್ಯದ ಕಾನೂನು ರಾಜ್ಯದ ಎಲ್ಲೆಯೊಳಗೆ ನಡೆಯಬೇಕು, ಈ ಸುಗ್ರೀವಾಜ್ಞೆಯ ನೇರ ಪರಿಣಾಮ ಎಲ್ಲೆಯಾಚೆಗೆ ಹರಿಯುವ ನೀರಿನ ಮೇಲೆ. ಎರಡು, 262ರಡಿ ರಚನೆಯಾದ ನ್ಯಾಯಮಂಡಳಿಯ ಆದೇಶವನ್ನು ಕಾನೂನು ಮಾಡಿ ತಳ್ಳಿಹಾಕುವುದೆಂದರೆ, ವ್ಯಾಜ್ಯದ ಪಕ್ಷಗಾರನೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂತಂತೆ.

ಆದ್ದರಿಂದ 17ನೇ ನಮೂದು ಸುಳ್ಳಲ್ಲ. ಮಂಡ್ಯದ ನಾಲೆಯಲ್ಲಿ ಯಾವ ದಿನ ಯಾವ ಕಟ್ಟಿಗೆ ನೀರು, ಕೆರೆ ತುಂಬಿಸಬೇಕೇ ಬೇಡವೇ, ನೀರಿನ ಕರ ಎಷ್ಟು, ಇವು ಇಂದಿಗೂ ರಾಜ್ಯದ್ದೇ. ಗಡಿ ದಾಟಿ ಬಿಳಿಗುಂಡ್ಲುವಿನಲ್ಲಿ ಅಳೆಯುವ ನೀರು ಮಾತ್ರ ಬೇರೆ ಲೆಕ್ಕಕ್ಕೆ ಬರುತ್ತದೆ.

ತಲಕಾವೇರಿ ಹಾದಿ:
ಹಳೆಕಡತ ಅವರೇ, ಒಂದು ಗೊಂದಲ. 262ರ ಎರಡನೇ ಉಪವಿಧಿ ಇಂಥ ವ್ಯಾಜ್ಯದಿಂದ ಸುಪ್ರೀಂ ಕೋರ್ಟನ್ನೇ ಹೊರಗಿಡಬಹುದು ಅನ್ನುತ್ತದೆ, 1956ರ ಕಾಯ್ದೆಯ 11ನೇ ಪ್ರಕರಣ ಹೊರಗಿಟ್ಟೂ ಇದೆ. ಹಾಗಿದ್ದರೆ 2018ರ ತೀರ್ಪು ಹೇಗೆ ಬಂತು?

ಹಳೆಕಡತ:
ಆ ತಕರಾರನ್ನು ಕೋರ್ಟಿನಲ್ಲೇ ಎತ್ತಲಾಗಿತ್ತು. 2016ರ ಡಿಸೆಂಬರ್ 9ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತೀರ್ಮಾನಿಸಿತು. ಮೂಲ ವ್ಯಾಜ್ಯವನ್ನು ಕೋರ್ಟು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ ನಿಜ. ಆದರೆ ನ್ಯಾಯಮಂಡಳಿ ಕೊಟ್ಟ ಐತೀರ್ಪಿನ ಮೇಲೆ 136ನೇ ವಿಧಿಯಡಿ ಮೇಲ್ಮನವಿ ಬರಬಹುದು, ಸಂವಿಧಾನವೇ ಕೊಟ್ಟ ಆ ಅಧಿಕಾರವನ್ನು ಸಾಮಾನ್ಯ ಕಾಯ್ದೆ ಕಿತ್ತುಕೊಳ್ಳಲಾಗದು ಎಂದಿತು. ಆ ಬಾಗಿಲಿನಿಂದಲೇ 2018ರ ಫೆಬ್ರವರಿ 16ರ ತೀರ್ಪು ಬಂದದ್ದು. ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿಗೆ ಏರಿತು, ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದದ್ದು 177.25ಕ್ಕೆ ಇಳಿಯಿತು.

ಮಲಪ್ರಭೆ:
ಬರೀ ನೀರಿನ ನಮೂದು ಹಿಡಿದು ಕೂತರೆ ಉತ್ತರ ಕರ್ನಾಟಕದ ಕಥೆ ಅರ್ಥವಾಗುವುದಿಲ್ಲ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಕಳಸಾ–ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಟಿಎಂಸಿ. ಹಂಚಿಕೆಯಾದ ಮಾತ್ರಕ್ಕೆ ಜೆಸಿಬಿ ಇಳಿಸಲು ಬರುವುದಿಲ್ಲ. ಕಾಲುವೆ ಹೋಗುವ ಜಾಗ ಕಾಡು.

ಕಾಡು 1976ರವರೆಗೆ ರಾಜ್ಯ ಪಟ್ಟಿಯ 19ನೇ ನಮೂದು. 42ನೇ ತಿದ್ದುಪಡಿ ಅದನ್ನು ಎತ್ತಿ ಸಮವರ್ತಿ ಪಟ್ಟಿಯ (ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಪಟ್ಟಿ) 17ಎ ಮಾಡಿತು, 1977ರ ಜನವರಿ 3ರಿಂದ ಜಾರಿಗೆ ಬಂತು. ಮೂರೇ ವರ್ಷಕ್ಕೆ, 1980ರಲ್ಲಿ, ಅರಣ್ಯ ಸಂರಕ್ಷಣಾ ಕಾಯ್ದೆ ಬಂತು: ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ರಾಜ್ಯ ಸರ್ಕಾರ ಮೊದಲು ಕೇಂದ್ರದ ಅನುಮೋದನೆ ಪಡೆಯಬೇಕು. ಕಾಡು ರಾಜ್ಯದ್ದೇ, ಅರಣ್ಯ ಇಲಾಖೆ, ಗಾರ್ಡು, ಸಂಬಳ ಎಲ್ಲ ರಾಜ್ಯದ್ದೇ. ಅನುಮತಿಯ ಸಹಿ ಮಾತ್ರ ಕೇಂದ್ರದ್ದು. ಒಂದೇ ಯೋಜನೆಗೆ ನೀರಿನ ಕಡತ ಒಂದು ದಾರಿ, ಅರಣ್ಯದ ಕಡತ ಇನ್ನೊಂದು ದಾರಿ, ವನ್ಯಜೀವಿ ಕಡತ ಮೂರನೇ ದಾರಿ. ಒಂದು ನಿಂತರೆ ಮೂರೂ ನಿಂತಂತೆ.

ಕಡತಿ ಕಪ್ಪು:
42ನೇ ತಿದ್ದುಪಡಿಯಲ್ಲಿ ರಾಜ್ಯ ಪಟ್ಟಿಯಿಂದ ಹೋದದ್ದು ಐದು: ಶಿಕ್ಷಣ, ಅರಣ್ಯ, ವನ್ಯಪ್ರಾಣಿ–ಪಕ್ಷಿ ರಕ್ಷಣೆ, ತೂಕ ಮತ್ತು ಅಳತೆ, ಕೆಳಹಂತದ ನ್ಯಾಯಾಲಯಗಳ ರಚನೆ. ಹೋದ ನಮೂದಿನ ಜಾಗ ಖಾಲಿ ಬಿಟ್ಟಿದ್ದಾರೆ, ಕೆಳಗಿನ ಸಂಖ್ಯೆಗಳು ಮೇಲೇರುವುದಿಲ್ಲ. ಅದಕ್ಕೇ ರಾಜ್ಯ ಪಟ್ಟಿಯ ಕೊನೆಯ ಸಂಖ್ಯೆ ಈಗಲೂ 66. ಉಳಿದಿರುವುದು 59. ಸೇರಿದವಕ್ಕೆ ಎ, ಬಿ ಅಂತ ಬಾಲ ಹಚ್ಚಿದ್ದರಿಂದ ಸಮವರ್ತಿ ಪಟ್ಟಿ 47ಕ್ಕೆ ಮುಗಿದರೂ ಎಣಿಸಿದರೆ 52. ಕೇಂದ್ರ ಪಟ್ಟಿ 97ಕ್ಕೆ ಮುಗಿಯುತ್ತದೆ, ಎಣಿಕೆ 98. ಗೈಡ್ ಪುಸ್ತಕಗಳಲ್ಲಿ 100, 61 ಅಂತ ಬೇರೆ ಬೇರೆ ಅಂಕಿ ಇರುವುದು 2016ರ ಜಿಎಸ್‌ಟಿ ತಿದ್ದುಪಡಿಗೆ ಹಿಂದಿನ ಎಣಿಕೆಯಿಂದ. ಆ ತಿದ್ದುಪಡಿ ರಾಜ್ಯ ಪಟ್ಟಿಯಿಂದ 52 ಮತ್ತು 55ನೇ ನಮೂದುಗಳನ್ನು ತೆಗೆದುಹಾಕಿತು.

ಜೋಡುಕರೆ:
ಕಂಬಳದ ಪ್ರಶ್ನೆಗೆ ಬರುತ್ತೇನೆ. ‘ಪ್ರಾಣಿಗಳ ಮೇಲಿನ ಹಿಂಸೆ ತಡೆ’ ಸಮವರ್ತಿ ಪಟ್ಟಿಯ 17ನೇ ನಮೂದು. ಅಲ್ಲಿ ಇಬ್ಬರಿಗೂ ಕಾನೂನು ಮಾಡುವ ಹಕ್ಕಿದೆ. ಎರಡು ಕಾನೂನು ಡಿಕ್ಕಿ ಹೊಡೆದರೆ 254(1)ರ ಪ್ರಕಾರ ಸಂಸತ್ತಿನದು ನಿಲ್ಲುತ್ತದೆ, ರಾಜ್ಯದ್ದು ಡಿಕ್ಕಿಯಾದಷ್ಟು ಮಟ್ಟಿಗೆ ಬೀಳುತ್ತದೆ. 254(2) ಒಂದು ಕಿಂಡಿ ಬಿಟ್ಟಿದೆ: ರಾಜ್ಯದ ವಿಧೇಯಕವನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿ ಅಂಕಿತ ಪಡೆದರೆ ಆ ರಾಜ್ಯದೊಳಗೆ ರಾಜ್ಯದ ಕಾನೂನೇ ನಡೆಯುತ್ತದೆ.

ಕೆಲಸ ಸಾಗುವ ಕ್ರಮ ಹೀಗೆ. ಮೊದಲು ಕೇಂದ್ರ ಕಾಯ್ದೆಯ ಯಾವ ಪ್ರಕರಣಕ್ಕೆ ನಮ್ಮ ವಿಧೇಯಕ ತಗಲುತ್ತದೆ ಎಂದು ಗುರುತಿಸಬೇಕು. ವಿಧಾನಸಭೆ, ಪರಿಷತ್ತು ಎರಡರಲ್ಲೂ ಪಾಸಾಗಬೇಕು. ರಾಜ್ಯಪಾಲರು 200ನೇ ವಿಧಿಯಡಿ ಕಾಯ್ದಿರಿಸುತ್ತಾರೆ. ಕಡತ ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗುತ್ತದೆ, ಅಲ್ಲಿಂದ ವಿಷಯಕ್ಕೆ ಸಂಬಂಧಪಟ್ಟ ಸಚಿವಾಲಯಗಳಿಗೆ. ಅವರ ಆಕ್ಷೇಪಣೆಗೆ ರಾಜ್ಯದ ಕಾನೂನು ಇಲಾಖೆ ಉತ್ತರ ಬರೆಯಬೇಕು. ಹೋಗಿಬರುವ ಈ ಪತ್ರಗಳಲ್ಲೇ ತಿಂಗಳುಗಳು ಕಳೆಯುತ್ತವೆ. ರಾಷ್ಟ್ರಪತಿಗಳು 201ರಡಿ ಅಂಕಿತ ಹಾಕಬಹುದು, ತಡೆಹಿಡಿಯಬಹುದು, ಮರುಪರಿಶೀಲನೆಗೆ ವಾಪಸು ಕಳಿಸುವಂತೆ ರಾಜ್ಯಪಾಲರಿಗೆ ಹೇಳಬಹುದು. ವಾಪಸು ಬಂದದ್ದನ್ನು ಸದನ ಆರು ತಿಂಗಳೊಳಗೆ ಮತ್ತೆ ನೋಡಬೇಕು. ಮತ್ತೆ ಪಾಸಾದರೂ ಅಂಕಿತ ಹಾಕಲೇಬೇಕೆಂಬ ಕಟ್ಟುಪಾಡು ರಾಷ್ಟ್ರಪತಿಗಳಿಗಿಲ್ಲ.

ಕಂಬಳದಲ್ಲಿ ಆದದ್ದೂ ಇದೇ. 2017ರ ಫೆಬ್ರವರಿಯಲ್ಲಿ ವಿಧೇಯಕ ಪಾಸಾಯಿತು, ಕೇಂದ್ರದಿಂದ ಆಕ್ಷೇಪಣೆ ಬಂತು, ಜುಲೈನಲ್ಲಿ ಸುಗ್ರೀವಾಜ್ಞೆ ಬಂತು, ಕಾಯ್ದೆಗೆ ಅಂಕಿತ ಸಿಕ್ಕಿದ್ದು 2018ರ ಫೆಬ್ರವರಿಯಲ್ಲಿ. ಸುಗ್ರೀವಾಜ್ಞೆ ಅಡ್ಡದಾರಿ ಎಂದು ಕೆಲವರು ಅಂದುಕೊಂಡಿದ್ದಾರೆ. ಅಲ್ಲ. ಅಂಕಿತ ಬೇಕಾಗುವ ವಿಷಯವಾದರೆ 213ನೇ ವಿಧಿಯ ಪ್ರಕಾರ ಸುಗ್ರೀವಾಜ್ಞೆಗೂ ರಾಷ್ಟ್ರಪತಿಗಳ ಸೂಚನೆ ಮೊದಲೇ ಬೇಕು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಜಲ್ಲಿಕಟ್ಟು, ಮಹಾರಾಷ್ಟ್ರದ ಎತ್ತಿನಗಾಡಿ ಓಟ, ನಮ್ಮ ಕಂಬಳ ಮೂರರ ತಿದ್ದುಪಡಿಗಳನ್ನೂ ಎತ್ತಿಹಿಡಿಯಿತು.

ಈಗ ಕಾವೇರಿಗೂ ಕಂಬಳಕ್ಕೂ ಇರುವ ವ್ಯತ್ಯಾಸ ನೋಡಿ. ಕಂಬಳದ ಕರೆ (ಕೋಣಗಳ ಓಟದ ಹಾದಿ) ಗದ್ದೆಯೊಳಗೇ ಮುಗಿಯುತ್ತದೆ, ವಿಷಯ ಸಮವರ್ತಿ ಪಟ್ಟಿಯದು, 254(2) ಅನ್ವಯಿಸುತ್ತದೆ. ಕಾವೇರಿಯದು ರಾಜ್ಯ ರಾಜ್ಯಗಳ ನಡುವಿನ ವ್ಯಾಜ್ಯ, 262ಕ್ಕೆ ಸೇರಿದ್ದು. ಅಲ್ಲಿ 254(2)ರ ಕಿಂಡಿಯೇ ಇಲ್ಲ.

ಹಳೆಕಡತ:
ಜೋಡುಕರೆ ಅವರು ಚೆನ್ನಾಗಿ ಬರೆದಿದ್ದಾರೆ. ಈ ದಾರಿಯಲ್ಲಿ ರಾಜ್ಯಗಳು ಎಡವುವ ಜಾಗಗಳನ್ನು ಸೇರಿಸುತ್ತೇನೆ.

ಅಂಕಿತ ಸಿಕ್ಕರೆ ಎಲ್ಲ ಕೇಂದ್ರ ಕಾನೂನುಗಳಿಂದಲೂ ರಕ್ಷಣೆ ಸಿಕ್ಕಿತು ಅನ್ನುವುದು ತಪ್ಪು. ಕೈಸರ್-ಇ-ಹಿಂದ್ ಪ್ರಕರಣದಲ್ಲಿ (2002) ಸುಪ್ರೀಂ ಕೋರ್ಟು ಹೇಳಿದ್ದು: ಯಾವ ಕೇಂದ್ರ ಕಾನೂನಿನೊಂದಿಗೆ ವಿರೋಧವಿದೆ ಎಂದು ರಾಷ್ಟ್ರಪತಿಗಳ ಗಮನಕ್ಕೆ ತಂದು ಅಂಕಿತ ಕೇಳಲಾಗಿದೆಯೋ ಅಷ್ಟಕ್ಕೆ ಮಾತ್ರ ಅಂಕಿತದ ಬಲ. ಕಳಿಸುವ ಟಿಪ್ಪಣಿಯಲ್ಲಿ ಎರಡು ಕಾಯ್ದೆ ಬರೆದು ಮೂರನೆಯದನ್ನು ಬಿಟ್ಟರೆ, ಮೂರನೆಯದರ ಎದುರು ರಾಜ್ಯದ ಕಾನೂನು ಬರಿಗೈ. ನನ್ನ ಮಟ್ಟಿಗೆ ಇಡೀ ವಿಧೇಯಕಕ್ಕಿಂತ ಈ ಟಿಪ್ಪಣಿ ಬರೆಯುವವರ ಕೆಲಸ ದೊಡ್ಡದು.

ಮುಂದೆ ಸಂಸತ್ತು ಅದೇ ವಿಷಯಕ್ಕೆ ಹೊಸ ಕಾನೂನು ತಂದರೆ ಹಳೇ ಅಂಕಿತ ಕಾಪಾಡುವುದಿಲ್ಲ, 254(2)ರ ಕೊನೆಯಲ್ಲಿರುವ ಪರಂತುಕ (‘ಆದರೆ’ ಎಂದು ಸೇರಿಸಿದ ಷರತ್ತು) ಅದನ್ನು ಬಿಡಿಸಿ ಹೇಳಿದೆ.

ಅಂಕಿತವೇ ಬೇಡ, ಕೇಂದ್ರದ ಕಾಯ್ದೆಯಲ್ಲಿ ಇರುವುದನ್ನೇ ನಾವೂ ಬರೆದುಕೊಂಡರೆ ಡಿಕ್ಕಿ ಎಲ್ಲಿ ಅನ್ನುವ ವಾದವೂ ನಿಲ್ಲಲಿಲ್ಲ. ಪಶ್ಚಿಮ ಬಂಗಾಳ 2016ರ ಕೇಂದ್ರದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಇದ್ದರೂ 2017ರಲ್ಲಿ ತನ್ನದೇ ವಸತಿ ನಿಯಂತ್ರಣ ಕಾಯ್ದೆ ಮಾಡಿತು, ಬಹುಪಾಲು ಅದೇ ಪದಗಳಲ್ಲಿ. 2021ರ ಮೇ 4ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು. ಸಂಸತ್ತಿನ ಕಾನೂನು ಆ ಜಾಗವನ್ನು ತುಂಬಿದ ಮೇಲೆ ಅದರ ಪಕ್ಕದಲ್ಲೇ ಇನ್ನೊಂದು ಪ್ರತಿ ನಿಲ್ಲಿಸುವುದೂ ವಿರೋಧವೇ ಎಂದಿತು.

ಅಂಕಿತಕ್ಕೆ ಗಡುವು ಇಲ್ಲದಿರುವುದೇ ನನಗೆ ಎಲ್ಲಕ್ಕಿಂತ ನೋವಿನ ವಿಷಯ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಇಬ್ಬರ ಪೀಠ ಗಡುವು ಹಾಕಿತ್ತು. ಅದೇ ವರ್ಷ ನವೆಂಬರ್ 20ರಂದು ಐವರ ಪೀಠ, ಕೋರ್ಟು ಗಡುವು ಹಾಕಲಾಗದು, ಅಂಕಿತ ಸಿಕ್ಕಿದೆ ಎಂದು ಭಾವಿಸಿಕೊಳ್ಳಲೂ ಬಾರದು ಎಂದು ಅಭಿಪ್ರಾಯ ಕೊಟ್ಟಿತು. ಜನ ಆರಿಸಿದ ಸದನ ಪಾಸು ಮಾಡಿದ ಕಾನೂನು ದಿನಾಂಕವಿಲ್ಲದೆ ಕಾಯುವುದು ಒಕ್ಕೂಟದ ಲಕ್ಷಣವಲ್ಲ ಎಂದೇ ನನ್ನ ಅಭಿಪ್ರಾಯ.

ಸಂತೆಲೆಕ್ಕ:
ಶಾಸನದ ಮಾತಾಯಿತು, ದುಡ್ಡಿನ ಮಾತೂ ಆಗಲಿ. ಕೈಯಲ್ಲಿ ಕಾಸಿಲ್ಲದ ಅಧಿಕಾರ ಎಷ್ಟು ದೂರ ಬರುತ್ತದೆ?

ಜಿಎಸ್‌ಟಿ ಮಂಡಳಿಯ ಲೆಕ್ಕ ಹಾಕೋಣ. 279ಎ ವಿಧಿ ಪ್ರಕಾರ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು. ನಿರ್ಣಯಕ್ಕೆ ಹಾಜರಿದ್ದು ಮತ ಹಾಕಿದವರ ತೂಕದಲ್ಲಿ ನಾಲ್ಕನೇ ಮೂರು ಬೇಕು. 28 ರಾಜ್ಯ, ಜೊತೆಗೆ ದೆಹಲಿ, ಪುದುಚೇರಿ, ಜಮ್ಮು–ಕಾಶ್ಮೀರ, ಒಟ್ಟು 31. ಎಲ್ಲರೂ ಹಾಜರಿದ್ದರೆ ಒಂದು ರಾಜ್ಯದ ತೂಕ ಶೇ 2.15. ಉತ್ತರ ಪ್ರದೇಶಕ್ಕೂ ಅಷ್ಟೇ, ಸಿಕ್ಕಿಂಗೂ ಅಷ್ಟೇ, ಕರ್ನಾಟಕಕ್ಕೂ ಅಷ್ಟೇ. ಕೇಂದ್ರ ಒಪ್ಪದಿದ್ದರೆ 31 ರಾಜ್ಯ ಒಂದಾದರೂ 66.67ಕ್ಕೆ ನಿಲ್ಲುತ್ತದೆ, 75 ಮುಟ್ಟುವುದಿಲ್ಲ. ಕೇಂದ್ರಕ್ಕೆ ಬೇಕಾದ್ದು ಪಾಸಾಗಲು 20 ರಾಜ್ಯ ಸಾಕು. ತಡೆಯಬೇಕಾದರೆ 12 ರಾಜ್ಯ ಒಟ್ಟಾಗಬೇಕು. 2022ರ ಮೋಹಿತ್ ಮಿನರಲ್ಸ್ ತೀರ್ಪು ಮಂಡಳಿಯ ಶಿಫಾರಸು ಶಾಸನಸಭೆಗಳನ್ನು ಕಟ್ಟಿಹಾಕುವುದಿಲ್ಲ ಎಂದಿದೆ. ಆದರೆ ಒಂದು ರಾಜ್ಯ ಬೇರೆ ದರ ಹಾಕಿದರೆ ಗಡಿಯಾಚೆಯ ವ್ಯಾಪಾರದ ಹೂಡುವಳಿ ತೆರಿಗೆ ಲೆಕ್ಕವೆಲ್ಲ ಕೆಡುತ್ತದೆ, ಆದ್ದರಿಂದ ಆ ಸ್ವಾತಂತ್ರ್ಯವನ್ನು ಬಳಸುವುದು ಕಷ್ಟ.

ರಾಜ್ಯಕ್ಕೆ ಸ್ವಂತ ಉಳಿದದ್ದರಲ್ಲಿ ಮುಖ್ಯವಾದವು ಕುಡಿಯುವ ಮದ್ಯ, ಪೆಟ್ರೋಲು–ಡೀಸೆಲ್ ಮಾರಾಟ ತೆರಿಗೆ, ಮುದ್ರಾಂಕ, ವಾಹನ ತೆರಿಗೆ. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲ್ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತಲ್ಲ, ಅದಕ್ಕೆ ಯಾವ ಮಂಡಳಿಯನ್ನೂ ಕೇಳಬೇಕಿರಲಿಲ್ಲ. ರಾಜ್ಯಗಳು ಕೊರತೆ ಬಿದ್ದಾಗಲೆಲ್ಲ ಬಂಕು ಮತ್ತು ಬಾರಿನ ಕಡೆಯೇ ತಿರುಗುವುದಕ್ಕೆ ಮುಖ್ಯ ಕಾರಣ ಇದು.

ಇನ್ನು ಕೇಂದ್ರ ತೆರಿಗೆಯಲ್ಲಿ ಪಾಲು. ಹಂಚಬೇಕಾದ ಮೊತ್ತ 100 ರೂಪಾಯಿ ಎಂದಿಟ್ಟುಕೊಳ್ಳಿ. 14ನೇ ಹಣಕಾಸು ಆಯೋಗದಲ್ಲಿ ರಾಜ್ಯಗಳಿಗೆ 42, ಅದರಲ್ಲಿ ಕರ್ನಾಟಕಕ್ಕೆ ಶೇ 4.713, ಅಂದರೆ 1 ರೂಪಾಯಿ 98 ಪೈಸೆ. 15ನೇ ಆಯೋಗದ 2021–26ರ ಅವಧಿಗೆ ರಾಜ್ಯಗಳಿಗೆ 41, ಕರ್ನಾಟಕಕ್ಕೆ ಶೇ 3.647, ಅಂದರೆ ಸುಮಾರು 1 ರೂಪಾಯಿ 50 ಪೈಸೆ. ತಲಾ ಆದಾಯದ ಅಂತರಕ್ಕೆ ಶೇ 45 ಅಂಕ ಇಟ್ಟದ್ದು, 1971ರ ಬದಲು 2011ರ ಜನಸಂಖ್ಯೆ ಹಿಡಿದದ್ದು, ಎರಡೂ ನಮಗೆ ಹೊಡೆತ ಕೊಟ್ಟವು. ಮೇಲಾಗಿ ಸೆಸ್ಸು, ಸರ್ಚಾರ್ಜು ಆ 100ರೊಳಗೆ ಸೇರುವುದೇ ಇಲ್ಲ (270, 271ನೇ ವಿಧಿ). ತೆರಿಗೆ ಎಂದು ಹೆಚ್ಚಿಸಿದರೆ ಹಂಚಬೇಕು, ಸೆಸ್ ಎಂದು ಹೆಚ್ಚಿಸಿದರೆ ಹಂಚಬೇಕಿಲ್ಲ.

ಅರಳಿಕಟ್ಟೆ:
ಗಣಿಯೂ ರಾಜ್ಯ ಪಟ್ಟಿಯಲ್ಲಿದೆಯಲ್ಲ? ಬಳ್ಳಾರಿಯ ಅದಿರಿಗೂ ‘ಒಳಪಟ್ಟು’ ಅನ್ನುವ ಬಾಲ ಇದೆಯೇ?

ಸಂಡೂರು ದಾರಿ:
ಇದೆ, ಎರಡು ಕಡೆ. ಗಣಿ ನಿಯಂತ್ರಣ 23ನೇ ನಮೂದು, ಅದು ಕೇಂದ್ರ ಪಟ್ಟಿಯ 54ಕ್ಕೆ ಒಳಪಟ್ಟದ್ದು. 1957ರ ಗಣಿ ಮತ್ತು ಖನಿಜ ಕಾಯ್ದೆ ಬಂದ ಮೇಲೆ ಮುಖ್ಯ ಖನಿಜಗಳಲ್ಲಿ ರಾಜ್ಯಕ್ಕೆ ಉಳಿದದ್ದು ಕಡಿಮೆ. ಆದರೆ ‘ಖನಿಜ ಹಕ್ಕುಗಳ ಮೇಲಿನ ತೆರಿಗೆ’ ಬೇರೆಯೇ ನಮೂದು, 50. ನಿಯಂತ್ರಿಸುವ ಅಧಿಕಾರದಲ್ಲಿ ತೆರಿಗೆ ಹಾಕುವ ಅಧಿಕಾರ ತಾನಾಗಿ ಸೇರಿಕೊಳ್ಳುವುದಿಲ್ಲ ಅನ್ನುವುದು ನಮ್ಮ ಅನುಸೂಚಿಯ ಮೂಲ ಕಟ್ಟು. 2024ರ ಜುಲೈ 25ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 8–1ರಲ್ಲಿ, ರಾಜಧನ (ಅದಿರು ತೆಗೆಯುವವರು ಕೊಡುವ ರಾಯಲ್ಟಿ) ತೆರಿಗೆಯಲ್ಲ, ರಾಜ್ಯಗಳು ಪ್ರತ್ಯೇಕ ತೆರಿಗೆ ಹಾಕಬಹುದು ಎಂದಿತು. ಭಿನ್ನ ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಆಗಸ್ಟ್ 14ರ ಆದೇಶದಲ್ಲಿ 2005ರ ಏಪ್ರಿಲ್ 1ರಿಂದೀಚಿನ ಬಾಕಿಯನ್ನು 12 ವರ್ಷದ ಕಂತುಗಳಲ್ಲಿ ವಸೂಲಿ ಮಾಡಲು ಬಿಟ್ಟರು. ಆದರೂ 50ರ ಬಾಲ ಮರೆಯಬೇಡಿ: ಖನಿಜ ಅಭಿವೃದ್ಧಿಯ ಕಾನೂನಿನಲ್ಲಿ ಸಂಸತ್ತು ಮಿತಿ ಹಾಕಿದರೆ ಅದಕ್ಕೆ ಒಳಪಟ್ಟು. ಈ ಗೆಲುವನ್ನು ಕಿರಿದಾಗಿಸುವ ಕೀಲಿ ಇನ್ನೂ ಸಂಸತ್ತಿನ ಕೈಯಲ್ಲಿದೆ.

ವಾರ್ಡ್ ಸಭೆ:
ಕೇಂದ್ರ ಕಿತ್ತುಕೊಂಡಿತು ಎನ್ನುವ ರಾಜ್ಯಗಳು ಕೆಳಗಿನವರಿಗೆ ಏನು ಕೊಟ್ಟಿವೆ ಎಂಬುದನ್ನೂ ಇಲ್ಲಿ ಕೇಳಲೇಬೇಕು. 73 ಮತ್ತು 74ನೇ ತಿದ್ದುಪಡಿಗಳ ನಂತರ ಪಂಚಾಯಿತಿಗೆ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯ, ನಗರಸಭೆಗಳಿಗೆ ಹನ್ನೆರಡನೆಯದರಲ್ಲಿ 18 ವಿಷಯ ಇವೆ. ಆದರೆ ಇವು ಏಳನೇ ಅನುಸೂಚಿಯ ಪಟ್ಟಿಗಳಂತಲ್ಲ. 243ಜಿ ಮತ್ತು 243ಡಬ್ಲ್ಯು ಹೇಳುವುದು, ರಾಜ್ಯದ ಶಾಸನಸಭೆ ಈ ಅಧಿಕಾರಗಳನ್ನು ‘ಕೊಡಬಹುದು’ ಎಂದು. ಕೊಡಬೇಕು ಎಂದಲ್ಲ. ‘ಸ್ಥಳೀಯ ಆಡಳಿತ’ ಇಂದಿಗೂ ರಾಜ್ಯ ಪಟ್ಟಿಯ 5ನೇ ನಮೂದು.

ಬೆಂಗಳೂರನ್ನೇ ನೋಡಿ. ಹನ್ನೆರಡನೇ ಅನುಸೂಚಿಯ ಮೊದಲ ವಿಷಯ ನಗರ ಯೋಜನೆ. ಅದನ್ನು ಮಾಡುತ್ತಾ ಬಂದದ್ದು 1976ರ ಕಾಯ್ದೆಯ ಬಿಡಿಎ. ಐದನೆಯದು ನೀರು ಸರಬರಾಜು. ಮಾಡುವುದು 1964ರ ಕಾಯ್ದೆಯ ಜಲಮಂಡಳಿ. ಎರಡೂ ರಾಜ್ಯ ಸರ್ಕಾರದ ಅಧೀನ. ನಲ್ಲಿಯಲ್ಲಿ ನೀರು ಬಾರದಿದ್ದರೆ ಜನ ಹೋಗುವುದು ಕಾರ್ಪೊರೇಟರ್ ಮನೆಗೆ, ಕವಾಟ ತಿರುಗಿಸುವವರು ಅವರ ಮಾತು ಕೇಳಬೇಕಿಲ್ಲ.

ಕೊಡಲೇಬೇಕಾದದ್ದು ಕೆಲವಿದೆ: ಐದು ವರ್ಷದ ಅವಧಿ, ಅವಧಿ ಮುಗಿಯುವ ಮೊದಲು ಚುನಾವಣೆ (243ಇ, 243ಯು), ರಾಜ್ಯ ಚುನಾವಣಾ ಆಯೋಗ, ರಾಜ್ಯ ಹಣಕಾಸು ಆಯೋಗ, ಮೀಸಲಾತಿ. ಅದೂ ಪಾಲನೆಯಾಗುತ್ತಿಲ್ಲ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಐದು ವರ್ಷ ಚುನಾವಣೆಯಿಲ್ಲದೆ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಕಾಯ್ದೆಯಡಿ ಐದು ಪಾಲಿಕೆಗಳಾದವು. ಸದಸ್ಯರ ಮೀಸಲಾತಿ ಪಟ್ಟಿ, ವಾರ್ಡ್ ಮರುವಿಂಗಡಣೆ, ಕೋರ್ಟಿನ ತಕರಾರು, ಈ ಮೂರರ ಸುತ್ತಲೇ ಚುನಾವಣೆ ಮುಂದೆ ಹೋಗುತ್ತದೆ. ಪಟ್ಟಿ ಮತ್ತು ವಿಂಗಡಣೆ ಎರಡೂ ರಾಜ್ಯ ಸರ್ಕಾರವೇ ಹೊರಡಿಸುವಂಥವು.

ಅರಳಿಕಟ್ಟೆ:
ಎಲ್ಲರಿಗೂ ಧನ್ಯವಾದ. ಕೊನೆಯದಾಗಿ ಒಂದು: ಪೊಲೀಸ್ ರಾಜ್ಯದ್ದಾದರೆ ಸಿಬಿಐ ಹೇಗೆ ಬರುತ್ತದೆ?

ಕಡತಿ ಕಪ್ಪು:
ಪೊಲೀಸ್ ರಾಜ್ಯ ಪಟ್ಟಿಯ 2ನೇ ನಮೂದು, ಅದು ಕೇಂದ್ರ ಪಟ್ಟಿಯ 2ಎಗೆ ಒಳಪಟ್ಟದ್ದು. ಒಂದು ರಾಜ್ಯದ ಪೊಲೀಸರ ಅಧಿಕಾರವನ್ನು ಇನ್ನೊಂದು ರಾಜ್ಯಕ್ಕೆ ಚಾಚುವುದು ಕೇಂದ್ರ ಪಟ್ಟಿಯ 80. ಅದರಲ್ಲೇ ಆ ರಾಜ್ಯದ ಒಪ್ಪಿಗೆ ಬೇಕೆಂದಿದೆ. ಸಿಬಿಐ ನಡೆಯುವುದು 1946ರ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯಡಿ, ಅದರ 6ನೇ ಪ್ರಕರಣವೂ ಒಪ್ಪಿಗೆ ಕೇಳುತ್ತದೆ. 2024ರ ಸೆಪ್ಟೆಂಬರ್ 26ರಂದು ಕರ್ನಾಟಕ ಸಂಪುಟ ಹಿಂದಕ್ಕೆ ಪಡೆದದ್ದು ಎಲ್ಲ ಪ್ರಕರಣಗಳಿಗೂ ಮೊದಲೇ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನು. ಈಗ ಪ್ರಕರಣವಾರು ಒಪ್ಪಿಗೆ ಕೇಳಬೇಕು. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟು ತನಿಖೆಗೆ ಆದೇಶಿಸಿದರೆ ರಾಜ್ಯದ ಒಪ್ಪಿಗೆ ಬೇಕಿಲ್ಲ, 2010ರಲ್ಲಿ ಐವರ ಪೀಠ ಹಾಗೆ ತೀರ್ಮಾನಿಸಿದೆ.